ತುದಿಯಿಂದ ಬುಡಕ್ಕೆ

ಟೈಲರ್, ಟೆಕ್ಸಸ್
ಜನವರಿ 15, 2019

ಶಾನಾ ಅವರಿಗೆ,

ನಾನು ಹೈಡಿ, ರಸೆಲ್‌ನ ಹೆಂಡತಿ. ನಾವಿಬ್ಬರೂ ಮುಖ ನೋಡಿಕೊಂಡಿದ್ದು ಒಂದೇ ಸಲ, ಅಕ್ಟೋಬರಿನಲ್ಲಿ, ಕೋರ್ಟಿನ ಪಡಸಾಲೆಯಲ್ಲಿ. ಅವತ್ತು ಮಾತಾಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನೀವಿರುವ ಚಿಕಿತ್ಸಾ ಕೇಂದ್ರದಲ್ಲಿ ಫೋನ್ ಕೊಡುವುದಿಲ್ಲ, ಕಾಗದವನ್ನಷ್ಟೇ ಬಿಡುತ್ತಾರೆ ಎಂದು ಗೊತ್ತಾಯಿತು. ನಾನು ಬರೆಯುವುದು ರಸೆಲ್‌ಗೆ ಇಷ್ಟವಿಲ್ಲ. "ಅವಳ ಹತ್ರ ಏನಾದ್ರೂ ಕೇಳಿದ್ಯೋ, ಜೀವ ಇರೋವರೆಗೂ ಎತ್ತಿ ಆಡ್ತಾಳೆ" ಅಂದ. ಆದರೂ ಬೇರೆ ದಾರಿ ಕಾಣದೆ ಕೇಳುತ್ತಿದ್ದೇನೆ.

ವಿಷಯ ನಿಮ್ಮ ಮಗಳು ಕ್ಯಾಲಿಯ ಕೂದಲಿನದು. ಮೊನ್ನೆ ಭಾನುವಾರ ಫೋರ್ಟ್ ವರ್ತ್‌ನಲ್ಲಿ ಈ ವರ್ಷದ ಮೊದಲ ಚಿಯರ್ ಕುಣಿತ-ಕಸರತ್ತಿನ ಸ್ಪರ್ಧೆ ಇತ್ತು. ತಂಡದ ಹುಡುಗಿಯೊಬ್ಬಳ ತಾಯಿ ಟ್ರೀನಾ ಬೆಳಿಗ್ಗೆ ಆರಕ್ಕೇ ಹುಡುಗಿಯರನ್ನೆಲ್ಲ ಸಾಲಾಗಿ ಕೂರಿಸಿ, ಬಾಚಣಿಗೆಯನ್ನು ಬುಡದ ಕಡೆಗೆ ತಳ್ಳಿ ತಳ್ಳಿ ಕೂದಲು ಕೆದರಿ, ತಲೆಗೆ ಅರ್ಧ ಡಬ್ಬಿಯಂತೆ ಸ್ಪ್ರೇ ಹೊಡೆದು, ಮೇಲೆ ಅಂಗೈಗಿಂತ ದೊಡ್ಡ ರಿಬ್ಬನ್ ಕಟ್ಟಿದಳು. ಬೆರಳಿನಿಂದ ತಟ್ಟಿದರೆ ಟಕ್ ಟಕ್ ಅನ್ನುತ್ತಿತ್ತು. ಸಂಜೆ ಮನೆಗೆ ಬಂದ ಮೇಲೆ ಆ ಸಿಕ್ಕು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬೆಳೆದ ನೆಬ್ರಾಸ್ಕಾದಲ್ಲಿ ನಮಗೆಲ್ಲ ಎರಡು ಜಡೆ ಹಾಕಿ ಕಳಿಸುತ್ತಿದ್ದರು, ಅಷ್ಟೇ ನನಗೆ ಗೊತ್ತಿರುವುದು. ಎರಡೂವರೆ ಗಂಟೆ ಹಿಡಿಯಿತು. ಬಾಚಣಿಗೆಯ ನಾಲ್ಕು ಹಲ್ಲು ಮುರಿದವು. ಮಗು ಅತ್ತೂ ಅತ್ತೂ ಬಿಕ್ಕಳಿಸುತ್ತಿತ್ತು.

"ಅಮ್ಮ ಮಾಡಿದ್ರೆ ನೋವೇ ಆಗಲ್ಲ" ಅಂದಳು. "ಅವಳ ಕಾಲ ಮಧ್ಯ ಕೂತ್ಕೊಂಡು ಟೀವಿ ನೋಡ್ತಿರ್ತೀನಿ, ಅಷ್ಟ್ರಲ್ಲಿ ಮುಗ್ದೇ ಹೋಗಿರತ್ತೆ."

"ಅಮ್ಮ ಹೇಗೆ ಮಾಡ್ತಾಳೆ, ಹೇಳು ಪುಟ್ಟಾ."

"ಹೇಳಲ್ಲ. ಅದು ನಂದು, ಅಮ್ಮಂದು."

ಹನ್ನೆರಡು ವರ್ಷದ ಹುಡುಗಿ ಹಾಗೆ ಬಾಯಿಗೆ ಬೀಗ ಹಾಕಿಕೊಂಡರೆ ಏನು ಮಾಡಲಿ? ಮುಂದಿನ ಸ್ಪರ್ಧೆ ಫೆಬ್ರವರಿ 10ಕ್ಕೆ. ಈ ವರ್ಷ ಹುಡುಗಿಯರ ಪಿರಮಿಡ್ಡಿನ ತುದಿಗೆ ಏರುವವಳು ಅವಳೇ. ನಿಮ್ಮ ವಿಧಾನವನ್ನು ನನಗೆ ಬರೆದು ಕಳಿಸುತ್ತೀರಾ?

ಹೈಡಿ

*

ಆಲ್ಪೈನ್ ಹತ್ತಿರ, ಪಶ್ಚಿಮ ಟೆಕ್ಸಸ್
ಜನವರಿ 23, 2019

ಹೈಡಿಯವರಿಗೆ,

ಎಷ್ಟು ದುಂಡಗಿನ ಅಕ್ಷರ ನಿಮ್ಮದು! ದಂತವೈದ್ಯರ ಬಳಿ ಕೂತು ರೋಗಿಗಳ ಹೆಸರು ಬರೆದೂ ಬರೆದೂ ಅಭ್ಯಾಸವಾಗಿರಬೇಕು. ನನ್ನ ಗಂಡನನ್ನು ಕೇಳದೆ ತೆಗೆದುಕೊಂಡಿರಿ. ಮಗಳನ್ನು ಕೋರ್ಟಿನ ಬಾಯಲ್ಲಿ ಕೇಳಿಸಿ ತೆಗೆದುಕೊಂಡಿರಿ. ಸಿಕ್ಕು ಬಿಡಿಸುವುದನ್ನಾದರೂ ನೇರವಾಗಿ ನನ್ನನ್ನೇ ಕೇಳಿದಿರಲ್ಲ, ಬಹಳ ಸಂತೋಷ.

ಬೇಜಾರು ಮಾಡಿಕೊಳ್ಳಬೇಡಿ. ಒಳಗಿನ ಕಹಿಯನ್ನು ಹೊರಗೆ ಹಾಕಿ ಎಂದು ಇಲ್ಲಿ ದಿನಾ ಪಾಠ ಮಾಡುತ್ತಾರೆ. ಹಾಕಿದೆ, ಮುಗಿಯಿತು.

ನಾನು ಈ ಆಟದಲ್ಲಿ ಹದಿನಾಲ್ಕು ವರ್ಷ ಇದ್ದವಳು. ಮೇಲೆ ಹಾರಿದವಳಲ್ಲ. ಹಾರುವವರನ್ನು ಕೆಳಗೆ ನಿಂತು ಹೊತ್ತವಳು. ಬೆನ್ನು ಹೋದದ್ದೂ ಅದರಲ್ಲೇ, ಬೆನ್ನುನೋವಿನ ಮಾತ್ರೆಗಳ ಚಟದಿಂದ ಬುದ್ಧಿ ಹೋದದ್ದೂ ಅದರಲ್ಲೇ. ಆದರೆ ಕ್ಯಾಲಿ ಐದು ವರ್ಷದವಳಿದ್ದಾಗಿನಿಂದ ಪ್ರತಿ ಸ್ಪರ್ಧೆ ಮುಗಿದ ಸಂಜೆ ಆ ತಲೆ ನನ್ನ ಎರಡು ಮೊಣಕಾಲುಗಳ ನಡುವೆ ಇರುತ್ತಿತ್ತು. ಎಂಥ ನೋವಿದ್ದರೂ ಆ ಕೆಲಸವನ್ನು ನಾನು ಒಂದು ಸಲವೂ ತಪ್ಪಿಸಿಲ್ಲ. ಇದು ನಿಮ್ಮ ಗಂಡನಿಗೂ ಗೊತ್ತು.

ವಿಧಾನ ಸುಲಭ. ಮನೆಗೆ ಬಂದ ತಕ್ಷಣ ರಿಬ್ಬನ್ ತೆಗೆದು ಅವಳನ್ನು ನೇರ ನಲ್ಲಿಯ ಕೆಳಗೆ ಕೂರಿಸಿ. ಮೊದಲು ನೀರು. ಅವಳು ತಡೆದುಕೊಳ್ಳುವಷ್ಟು ಬಿಸಿ ಇರಲಿ. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ, ಶಾಂಪೂ ಸುರಿದು, ಎರಡೂ ಕೈಯಿಂದ ಗಸಗಸ ಉಜ್ಜಿ. ಸ್ಪ್ರೇ ಕರಗಬೇಕು ನೋಡಿ. ಆಮೇಲೆ ಟವೆಲ್ಲಿನಿಂದ ಚೆನ್ನಾಗಿ ತಿಕ್ಕಿ, ಬುಡದಲ್ಲಿ ಬಾಚಣಿಗೆ ಇಟ್ಟು ತುದಿಯವರೆಗೆ ಒಂದೇ ಎಳೆತಕ್ಕೆ ಎಳೆಯಿರಿ. ಕೈ ಅಳುಕಬಾರದು.

ಇನ್ನೊಂದು ಮಾತು. ನಾನು ಹೇಳಿಕೊಟ್ಟೆ ಎಂದು ಕ್ಯಾಲಿಗೆ ತಿಳಿಸಬೇಡಿ. ನೀವೇ ಕಲಿತಿರಿ ಅಂದುಕೊಳ್ಳಲಿ. ನಿಮ್ಮ ಬಗ್ಗೆ ಅವಳಿಗೆ ಒಂದಿಷ್ಟು ಗೌರವ ಬರಲಿ. ಮಾತು ಕೊಡಿ.

ಶಾನಾ

*

ಟೈಲರ್
ಜನವರಿ 30, 2019

ಶಾನಾ ಅವರಿಗೆ,

ನಿಮ್ಮ ಕಾಗದದ ಕೊನೆಯ ಸಾಲುಗಳನ್ನು ಓದಿ ಕಣ್ಣು ತುಂಬಿ ಬಂತು. ನನ್ನ ಜಾಗದಲ್ಲಿ ನೀವಿದ್ದು, ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಇಷ್ಟು ದೊಡ್ಡ ಮನಸ್ಸು ಮಾಡುತ್ತಿದ್ದೆನೋ ಇಲ್ಲವೋ. ಮಾತು ಕೊಟ್ಟಿದ್ದೇನೆ. ಅವಳಿಗೆ ಹೇಳುವುದಿಲ್ಲ. ಕಾಗದವನ್ನು ಅಡುಗೆ ಪುಸ್ತಕದೊಳಗೆ ಇಟ್ಟಿದ್ದೇನೆ, ಅದನ್ನು ಮುಟ್ಟುವವಳು ನಾನೊಬ್ಬಳೇ.

ನೀವು ಮುಚ್ಚುಮರೆಯಿಲ್ಲದೆ ಬರೆದಿರಿ, ನಾನೂ ಹಾಗೇ ಬರೆಯುತ್ತೇನೆ. ಮೇ 21ಕ್ಕೆ, ನಿಮ್ಮ ಚಿಕಿತ್ಸೆ ಮುಗಿದ ಮೇಲೆ, ನ್ಯಾಯಾಧೀಶರು ಕ್ಯಾಲಿಯನ್ನು ಒಳಗೆ ಕರೆದು, ಯಾರ ಜೊತೆ ಇರುತ್ತೀಯ ಎಂದು ಅವಳನ್ನೇ ಕೇಳುತ್ತಾರಂತೆ. ಅವಳು ಈಗಲೇ ಊರಿಗೆಲ್ಲ ಸಾರುತ್ತಿದ್ದಾಳೆ: "ನಾನು ಅಮ್ಮನ ಹತ್ರ ಹೋಗೋಳು." ಅದಕ್ಕೆ ಅಡ್ಡ ಬರಬಾರದು ಎಂದು ರಸೆಲ್‌ಗೆ ಹೇಳಿದ್ದೇನೆ. ಏಪ್ರಿಲ್ 6 ನಿಮ್ಮಲ್ಲಿ ಭೇಟಿಯ ದಿನವಂತೆ. ಒಂಬತ್ತು ಗಂಟೆಯ ದಾರಿಯಾದರೂ ಪರವಾಗಿಲ್ಲ, ನಾನೇ ಕರೆತರುತ್ತೇನೆ.

ಅವಳು ಚೆನ್ನಾಗಿದ್ದಾಳೆ. ನಾನು ಮೀನು ಹಾಕಿ ಬೇಯಿಸುವ ಟ್ಯೂನಾ ಕ್ಯಾಸರೋಲ್ ನೋಡಿದರೆ "ಇದನ್ನ ಯಾರಾದ್ರೂ ಮೊದಲೇ ತಿಂದು ಉಗುಳಿದ್ರಾ?" ಅನ್ನುತ್ತಾಳೆ, ಆದರೂ ಎರಡು ಸಲ ಹಾಕಿಸಿಕೊಳ್ಳುತ್ತಾಳೆ. ಮೊನ್ನೆ ಅಭ್ಯಾಸ ಮುಗಿಸಿ ಬರುವಾಗ ಕಾರಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿಬಿಟ್ಟಳು. ಸಿಗ್ನಲ್ ಹಸಿರಾದರೂ ಗೇರ್ ಹಾಕಲು ಮನಸ್ಸಾಗಲಿಲ್ಲ.

ಹೈಡಿ

*

ಆಲ್ಪೈನ್ ಹತ್ತಿರ
ಫೆಬ್ರವರಿ 5, 2019

ಹೈಡಿಯವರಿಗೆ,

ನಿಮ್ಮ ಕಾಗದ ನಿನ್ನೆ ಬಂತು. ಇದನ್ನು ಇವತ್ತಿನ ಅಂಚೆಗೇ ಹಾಕುತ್ತಿದ್ದೇನೆ, ಹತ್ತನೇ ತಾರೀಖಿಗೆ ಮೊದಲೇ ತಲುಪುತ್ತದೆ. ಆ ನೀರಿನ ವಿಷಯ ಇನ್ನೊಂದು ಮಾತು ಹೇಳಬೇಕೆಂದು ಕೂತೆ.

ನಿಮ್ಮ ಭುಜಕ್ಕೆ ಒರಗಿ ನಿದ್ದೆ ಮಾಡಿದಳೇ? ನನ್ನ ಕಾರಿನಲ್ಲಿ ಅವಳು ಒಂದು ದಿನವೂ ಕಣ್ಣು ಮುಚ್ಚುತ್ತಿರಲಿಲ್ಲ. ರಸ್ತೆಯನ್ನೇ ನೋಡುತ್ತಿದ್ದಳು.

ಹೇಳಬೇಕೆಂದಿದ್ದು ಇಷ್ಟೇ. ನೀರು ಚೆನ್ನಾಗಿ ಬಿಸಿ ಇರಲಿ.

ಶಾನಾ

*

ಟೈಲರ್
ಫೆಬ್ರವರಿ 13, 2019

ಶಾನಾ ಅವರಿಗೆ,

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ನಾನು ಏನೋ ತಪ್ಪು ಮಾಡಿದೆ.

ಭಾನುವಾರ ತಂಡಕ್ಕೆ ಎರಡನೇ ಸ್ಥಾನ ಬಂತು. ಪಿರಮಿಡ್ಡಿನ ತುದಿಯಲ್ಲಿ ಒಂಟಿ ಕಾಲಿನಲ್ಲಿ ನಿಂತು ಕ್ಯಾಲಿ ನಕ್ಕಳು ನೋಡಿ, ಇಡೀ ಸಭಾಂಗಣವೇ ಎದ್ದು ನಿಂತಿತು. ಮನೆಗೆ ಬಂದು ನಾನು ನಲ್ಲಿ ತಿರುಗಿಸಿದೆ. ಅವಳು ಹಿಂದಕ್ಕೆ ಸರಿದಳು.

"ನೀರು ಬೇಡ! ಅಮ್ಮ ಮೊದ್ಲು ನೀರು ಹಾಕೋದೇ ಇಲ್ಲ!"

ನಿಮ್ಮ ಕಾಗದ ನನ್ನ ಏಪ್ರನ್ನಿನ ಜೇಬಿನಲ್ಲಿತ್ತು. "ಸುಮ್ನೆ ಕೂತ್ಕೋ ಪುಟ್ಟಾ, ಗೊತ್ತಿರೋರನ್ನೇ ಕೇಳಿದೀನಿ" ಅಂದೆ. ಮಗುವಿನ ಮಾತು ಬಿಟ್ಟು ಕಾಗದವನ್ನು ನಂಬಿದೆ.

ನೀರು ಬಿದ್ದ ಕೂಡಲೇ ಕೂದಲು ಒಳಗೊಳಗೇ ಬಿಗಿದುಕೊಂಡಿತು. ಉಜ್ಜಿದಷ್ಟೂ ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಯಿತು. ನೀವು ಹೇಳಿದಂತೆ ಬುಡದಿಂದ ಎಳೆದೆ. ಅವಳು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು. ರಸೆಲ್ ನನ್ನ ಕೈಯಿಂದ ಬಾಚಣಿಗೆ ಕಿತ್ತುಕೊಂಡ. ನೆತ್ತಿಯಲ್ಲಿ ಎರಡು ಕಡೆ ರಕ್ತ ಕಂಡಿತ್ತು. ಸೋಮವಾರ ಸಲೂನಿಗೆ ಕರೆದೊಯ್ದೆವು. ಅಲ್ಲಿಯ ಹೆಂಗಸು ಮುಟ್ಟಿ ನೋಡಿ, "ಇದು ಬಿಡೋದಿಲ್ಲಮ್ಮಾ, ಕತ್ತರಿಸ್ಬೇಕು" ಅಂದಳು. ಕತ್ತರಿಸುವಷ್ಟು ಹೊತ್ತು ಕ್ಯಾಲಿ ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸೊಂಟದವರೆಗಿದ್ದ ಕೂದಲು ಈಗ ಕಿವಿಯ ಮೇಲಿದೆ.

ನಿನ್ನೆ ಕೋಚ್ ಡಾರ್ಲಾ ಕರೆ ಮಾಡಿದ್ದರು. ಎಲ್ಲರ ಜುಟ್ಟೂ ಒಂದೇ ಎತ್ತರಕ್ಕೆ ಇರಬೇಕಂತೆ. ಸುಳ್ಳು ಜುಟ್ಟು ಸಿಕ್ಕಿಸಲೂ ಹಿಡಿತ ಸಾಲದಂತೆ. ಕ್ಯಾಲಿಯನ್ನು ಹಿಂದಿನ ಸಾಲಿಗೆ ಹಾಕಿದ್ದಾರೆ. ತುದಿಗೆ ಈಗ ಟ್ರೀನಾಳ ಮಗಳು ಏರುತ್ತಾಳೆ.

ನಿಮ್ಮ ಹೆಸರು ಹೇಳಿಲ್ಲ. ಅವಳು ನನ್ನ ಜೊತೆ ಮಾತಾಡುತ್ತಿಲ್ಲ. ರಾತ್ರಿ ಊಟಕ್ಕೆ ತಟ್ಟೆ ತೆಗೆದುಕೊಂಡು ಕೋಣೆಗೆ ಹೋಗುತ್ತಾಳೆ. ದಯವಿಟ್ಟು ಹೇಳಿ, ನಾನು ಎಲ್ಲಿ ತಪ್ಪಿದೆ? ಅಮ್ಮ ಮೊದಲು ನೀರು ಹಾಕುವುದಿಲ್ಲ ಎಂದು ಅವಳು ಯಾಕೆ ಅಂದಳು?

ನನ್ನನ್ನು ಕ್ಷಮಿಸಿ.

ಹೈಡಿ

*

ಆಲ್ಪೈನ್ ಹತ್ತಿರ
ಫೆಬ್ರವರಿ 20, 2019

ಹೈಡಿ,

ಕ್ಷಮೆಯಂತೆ! ಹನ್ನೆರಡು ವರ್ಷ ನಾನು ಆ ಕೂದಲಿಗೆ ಕತ್ತರಿ ತೋರಿಸಿರಲಿಲ್ಲ, ತುದಿ ಸಮ ಮಾಡಿದ್ದು ಬಿಟ್ಟರೆ. ನೀನು ನಾಲ್ಕು ತಿಂಗಳಲ್ಲಿ ಬೋಳಿಸಿ ಕೂರಿಸಿದೆ. ಬಾಚಣಿಗೆ ಹಿಡಿಯಲು ಬಾರದವಳು ತಾಯಿಯಾಗಲು ಯಾಕೆ ಹೊರಟೆ? ಹೋಗಿ ಹಲ್ಲಿನ ಡಾಕ್ಟರಿಗೆ ಫೋನ್ ಎತ್ತಿಕೊಡು, ಅದೇ ನಿನಗೆ ಸರಿ.

ನೀರು ಬೇಡ ಅಂದಳೇ? ಪೆಟ್ಟಾದಾಗ ಮಕ್ಕಳು ಬಾಯಿಗೆ ಬಂದದ್ದು ಹೇಳುತ್ತಾರೆ. ನಾನು ಬರೆದದ್ದರಲ್ಲಿ ತಪ್ಪಿಲ್ಲ, ನಿನ್ನ ಕೈಯಲ್ಲಿದೆ.

ಈ ವಿಷಯವನ್ನು ನನ್ನ ವಕೀಲರಿಗೂ ಬರೆದಿದ್ದೇನೆ. ನೆತ್ತಿಯಲ್ಲಿ ರಕ್ತ ಬಂದದ್ದನ್ನೂ ಸೇರಿಸಿ. ಮೇ ತಿಂಗಳಲ್ಲಿ ನ್ಯಾಯಾಧೀಶರು ಆ ತಲೆಯನ್ನು ಒಂದು ಸಲ ನೋಡಲಿ ಸಾಕು.

ಕ್ಯಾಲಿಗೆ ಹೇಳು: ಅಮ್ಮ ಬರುತ್ತಾಳೆ, ಅಮ್ಮನ ಕೈಯಲ್ಲಿ ಎಲ್ಲ ಮತ್ತೆ ಬೆಳೆಯುತ್ತದೆ.

ಶಾನಾ

*

ಟೈಲರ್
ಮಾರ್ಚ್ 12, 2019

ಶಾನಾ,

ಮೂರು ವಾರ ಉತ್ತರ ಬರೆಯಲಿಲ್ಲ.

ನಿನ್ನ ಬೈಗುಳ ನನಗೆ ಸಲ್ಲಬೇಕಾದದ್ದೇ ಎಂದುಕೊಂಡು ಹತ್ತು ದಿನ ಹೊತ್ತುಕೊಂಡು ತಿರುಗಿದೆ. ಆಮೇಲೆ ಒಂದು ದಿನ ತಂಡ ಅಭ್ಯಾಸ ಮಾಡುವ ಜಿಮ್ಮಿನ ಬೆಂಚಿನ ಮೇಲೆ ಟ್ರೀನಾಳ ಪಕ್ಕ ಕೂತಿದ್ದಾಗ ಸುಮ್ಮನೆ ಕೇಳಿದೆ, ನೀನು ನಿನ್ನ ಮಗಳ ಸಿಕ್ಕು ಹೇಗೆ ಬಿಡಿಸುತ್ತೀಯ ಎಂದು. ಅವಳು ನಾಚೋಸ್ ಬಾಯಿಗೆ ಹಾಕಿಕೊಳ್ಳುತ್ತಲೇ ಹೇಳಿದಳು: "ಒಣಗಿದ್ದ ಹಾಗೇ ಕಂಡೀಷನರ್ ಸುರೀಬೇಕು. ಅರ್ಧ ಗಂಟೆ ಬಿಟ್ಟು ತುದಿಯಿಂದ ಶುರು ಮಾಡ್ಬೇಕು, ಬೆರಳಲ್ಲಿ. ಬುಡಕ್ಕೆ ಹೋಗೋದು ಕೊನೇಗೆ. ನೀರು ಸೋಕಿಸಿದ್ಯೋ, ಸತ್ತೆ."

"ಮೊದಲು ನೀರು ಹಾಕಿದ್ರೆ?"

"ಅಯ್ಯೋ, ಯಾವ ಹುಚ್ಚಿ ಹಾಕ್ತಾಳೆ? ಮೊದಲ ವರ್ಷದಲ್ಲೇ ನಮಗೆಲ್ಲ ಅದನ್ನ ಹೇಳಿಕೊಟ್ಟಿದ್ದೇ ಶಾನಾ."

ನಾನು ಎದ್ದು ಕಾರಿಗೆ ಹೋಗಿ ಕೂತೆ.

ನೀನು ಮಾತ್ರೆ ನುಂಗಿ, ಮಗು ಹಿಂದೆ ಕೂತಿರುವಾಗಲೇ ಕಾರನ್ನು ಜಿಮ್ಮಿನ ಗೋಡೆಗೆ ನುಗ್ಗಿಸಿದೆಯಲ್ಲ, ಆ ವಿಷಯವನ್ನು ನಾನು ಇವತ್ತಿನವರೆಗೆ ಎತ್ತಿರಲಿಲ್ಲ. ಅದು ಕಾಯಿಲೆ, ಅದಕ್ಕೆ ಔಷಧಿ ಇದೆ ಎಂದು ರಸೆಲ್ ಜೊತೆ ಜಗಳವಾಡಿದವಳು ನಾನು. ಆದರೆ ಆ ಕಾಗದ ಬರೆಯುವಾಗ ನೀನು ಮಾತ್ರೆ ನುಂಗಿರಲಿಲ್ಲ. ಎಚ್ಚರವಾಗಿದ್ದೆ.

ಕಾಗದ ಈಗಲೂ ಅಡುಗೆ ಪುಸ್ತಕದಲ್ಲೇ ಇದೆ. ಕೋರ್ಟಿಗೆ ಕೊಡುವುದಿಲ್ಲ. ರಸೆಲ್‌ಗೆ ತೋರಿಸಿಲ್ಲ. ಕ್ಯಾಲಿಗೆ ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ. ಏಪ್ರಿಲ್ 6ಕ್ಕೆ ಅವಳನ್ನು ಕರೆತರುತ್ತೇನೆ. ನೀನೇ ನಿನ್ನ ಬಾಯಿಂದ ಹೇಳು. ಹೇಳದೆ ಇದ್ದರೆ ನಾನು ಬಾಯಿ ಬಿಡುವುದಿಲ್ಲ, ಮೇ ತಿಂಗಳಲ್ಲಿ ಅವಳು ನಿನ್ನ ಬಳಿಗೇ ಬರುತ್ತಾಳೆ. ಆಮೇಲೆ ಪ್ರತಿ ಸ್ಪರ್ಧೆ ಮುಗಿದ ಸಂಜೆ ಆ ತಲೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಏನೂ ಆಗಿಲ್ಲವೆಂಬಂತೆ ಬಾಚುತ್ತಾ ಕೂರು.

ಹೈಡಿ

*

ಆಲ್ಪೈನ್ ಹತ್ತಿರ
ಮಾರ್ಚ್ 27, 2019

ಹೈಡಿ,

ಹೌದು, ಬೇಕೆಂದೇ ಬರೆದೆ.

ಇಷ್ಟಾಗುತ್ತದೆ ಎಂದುಕೊಂಡಿರಲಿಲ್ಲ. ಒಂದಿಷ್ಟು ಸಿಕ್ಕಾಗಲಿ, ಅವಳು ಒಂದಿಷ್ಟು ಅಳಲಿ, "ಅಮ್ಮನೇ ಬೇಕು" ಅಂತ ನಿನ್ನ ಮುಖಕ್ಕೇ ಹೇಳಲಿ ಎಂದಿತ್ತು ನನ್ನ ಮನಸ್ಸಿನಲ್ಲಿ. ಕತ್ತರಿಯ ಯೋಚನೆ ಬಂದಿರಲಿಲ್ಲ. ಅವಳು ತುದಿಯಿಂದ ಇಳಿಯುತ್ತಾಳೆ ಎಂಬ ಯೋಚನೆಯೂ ಬಂದಿರಲಿಲ್ಲ. ಫೆಬ್ರವರಿ 5ಕ್ಕೆ ನಿಜ ಬರೆಯೋಣವೆಂದೇ ಪೆನ್ನು ಹಿಡಿದಿದ್ದೆ. ಆದರೆ ಅವಳು ನಿನ್ನ ಭುಜದ ಮೇಲೆ ನಿದ್ದೆ ಮಾಡಿದಳು ಅಂದೆಯಲ್ಲ, ಹೊಟ್ಟೆ ಉರಿಯಿತು. ನೀರು ಬಿಸಿ ಇರಲಿ ಎಂದು ಬರೆದೆ. ಬರೆದು ಮುಗಿಸಿ ಊಟಕ್ಕೆ ಹೋದೆ, ಚೆನ್ನಾಗಿ ಉಂಡೆ. ಇದನ್ನು ಇಲ್ಲಿ ಯಾರ ಮುಂದೂ ಹೇಳಿಲ್ಲ.

ಏಪ್ರಿಲ್ 6ಕ್ಕೆ ಅವಳನ್ನು ಕರೆತರಬೇಡ. ಆ ಕಿವಿಯ ಮೇಲಿನ ಕೂದಲನ್ನು ಎದುರಿಗೆ ಇಟ್ಟುಕೊಂಡು ನನಗೆ ಮಾತು ಹೊರಡುವುದಿಲ್ಲ. ಅಮ್ಮನಿಗೆ ಜ್ವರ ಎಂದು ಹೇಳು. ಮೇ 21 ಕಳೆಯಲಿ, ಅವಳು ನನ್ನ ಬಳಿ ಬರಲಿ, ಆಮೇಲೆ ನಾನೇ ಒಳ್ಳೆಯ ಹೊತ್ತು ನೋಡಿ ಹೇಳುತ್ತೇನೆ. ನಿನ್ನ ಕಾಲಿಗೆ ಬೀಳುತ್ತೇನೆ, ಆ ಕಾಗದವನ್ನು ಸುಟ್ಟು ಹಾಕು. ಇದನ್ನೂ ಸುಟ್ಟು ಹಾಕು. ನನಗೆ ಉಳಿದಿರುವುದು ಅವಳೊಬ್ಬಳೇ. ನಿನಗಾದರೆ ರಸೆಲ್ ಇದ್ದಾನೆ, ಮನೆ ಇದೆ, ನೆಟ್ಟಗಿರುವ ಬೆನ್ನು ಇದೆ.

ನೀನು ಒಳ್ಳೆಯವಳು, ಹೈಡಿ. ಕೊಟ್ಟ ಮಾತು ತಪ್ಪುವವಳಲ್ಲ.

ಶಾನಾ

*

ಟೈಲರ್
ಏಪ್ರಿಲ್ 2, 2019

ಅಮ್ಮ,

ಮೊನ್ನೆ ಶನಿವಾರ ಅಂಚೆ ಡಬ್ಬಿ ತೆಗೆದವಳು ನಾನು. ಲಕೋಟೆಯ ಮೇಲೆ ಹೈಡಿಯ ಹೆಸರಿತ್ತು, ಆದರೆ ಅಕ್ಷರ ನಿನ್ನದು. ಅಕ್ಟೋಬರಿನಿಂದ ನನಗೆ ನಿನ್ನಿಂದ ಒಂದು ಕಾಗದವೂ ಬಂದಿರಲಿಲ್ಲ. ಒಳಗೆ ನನಗೂ ಏನಾದರೂ ಬರೆದಿರುತ್ತೀಯ ಅಂತ ಒಡೆದೆ. ಎರಡು ಸಲ ಓದಿದೆ. ಆಮೇಲೆ ಅಡುಗೆ ಪುಸ್ತಕ ತೆಗೆದು ಮೊದಲನೆಯದನ್ನೂ ಓದಿದೆ. ಎಲ್ಲಿದೆ ಅಂತ ಹೈಡಿ ಹೇಳಲಿಲ್ಲ. ಅವಳು ಏನಾದರೂ ಬಚ್ಚಿಟ್ಟರೆ ಅಲ್ಲೇ ಇಡೋದು, ಅದು ಅಪ್ಪನಿಗೂ ಗೊತ್ತು.

ಅವತ್ತು ನಾನು ನೀರು ಬೇಡ ಅಂದೆ. "ಗೊತ್ತಿರೋರನ್ನೇ ಕೇಳಿದೀನಿ" ಅಂದಳು ಹೈಡಿ. ಗೊತ್ತಿರೋರು ನೀನು.

ನಾನು ಅವಳಿಗೆ ಎಷ್ಟು ಕೆಟ್ಟದಾಗಿ ಬೈದಿದ್ದೆ ಗೊತ್ತಾ? "ನೀನು ಬಂದಿದ್ದಕ್ಕೇ ಎಲ್ಲ ಹಾಳಾಯ್ತು" ಅಂದಿದ್ದೆ. "ನಮ್ಮಮ್ಮನ ಕಾಲಿನ ಧೂಳಿಗೂ ನೀನು ಸಮ ಇಲ್ಲ" ಅಂದಿದ್ದೆ. ಅವಳು "ಸರಿ ಪುಟ್ಟಾ, ಊಟ ಮಾಡು" ಅಂದಳು. ಏಳು ವಾರ ಬೈಸಿಕೊಂಡಳು. ಒಂದು ಸಲವೂ ನಿನ್ನ ಹೆಸರು ಹೇಳಲಿಲ್ಲ.

ಆರನೇ ತಾರೀಖಿಗೆ ನಾನು ಬರಲ್ಲ. ಜ್ವರ ಅಂತ ನೀನು ಸುಳ್ಳು ಹೇಳುವುದು ಬೇಡ. ನಿನ್ನ ಎರಡು ಕಾಗದಗಳೂ ಈಗ ನನ್ನ ಶಾಲೆಯ ಚೀಲದಲ್ಲಿವೆ. ಸುಡಲ್ಲ. ಮೇ 21ಕ್ಕೆ ನ್ಯಾಯಾಧೀಶರು ಕೇಳಿದರೆ ನಾನು ಇಲ್ಲೇ ಇರ್ತೀನಿ ಅಂತ ಹೇಳ್ತೀನಿ. ಯಾಕೆ ಅಂತ ಕೇಳಿದರೆ ಕಾಗದ ಕೊಡ್ತೀನಿ.

ಭಾನುವಾರ ಡಾಲಸ್‌ನಲ್ಲಿ ಸ್ಪರ್ಧೆ ಇತ್ತು. ನಾನು ಹಿಂದಿನ ಸಾಲಿನಲ್ಲಿ ಕೊನೆಯವಳು. ಇದ್ದಷ್ಟು ಕೂದಲನ್ನೇ ಟ್ರೀನಾ ಆಂಟಿ ಕೆದರಿ ಸ್ಪ್ರೇ ಹೊಡೆದು ನಿಲ್ಲಿಸಿದರು. "ನೋಡ್ರೇ, ಮುಳ್ಳುಹಂದಿ ಬಂತು" ಅಂತ ಅವರ ಮಗಳು ನಕ್ಕಳು, ಎಲ್ಲರೂ ನಕ್ಕರು.

ಮನೆಗೆ ಬಂದು ನಾನೇ ಕಂಡೀಷನರ್ ಬಾಟಲಿ ತಂದು ಹೈಡಿಯ ಕೈಗೆ ಕೊಟ್ಟೆ. ಅವಳು ಹೆದರಿಕೊಂಡಳು, ಮುಟ್ಟಲ್ಲ ಅಂದಳು. ನಾನು ಅವಳನ್ನು ಸೋಫಾದ ಮೇಲೆ ಕೂರಿಸಿ, ಕಾಲ ಮಧ್ಯ ಕೂತೆ. ನಮ್ಮ ವಿಧಾನ ಪೂರ್ತಿ ಹೇಳಿಕೊಟ್ಟೆ. ಒಣಗಿದ್ದ ಹಾಗೇ ಸುರಿಯೋದು, ಕಾಯೋದು, ಬುಡದ ಹತ್ತಿರ ಕೂದಲನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ತುದಿಯಿಂದ ಬೆರಳಲ್ಲಿ ಬಿಡಿಸ್ತಾ ಮೇಲಕ್ಕೆ ಬರೋದು. ನೀನು ಮಧ್ಯ ಮಧ್ಯ ನೆತ್ತಿಗೆ ಊದ್ತಿದ್ದೆಯಲ್ಲ, ಅದನ್ನೂ ಹೇಳಿದೆ.

ಅವಳು ತುಂಬಾ ನಿಧಾನ. ಟೀವಿಯಲ್ಲಿ ಎರಡು ಕಾರ್ಯಕ್ರಮ ಮುಗಿದವು. ನೋವಾಗಲಿಲ್ಲ.

ಕ್ಯಾಲಿ